ಕಾಡಂಚಿನಲ್ಲಿ ಎರಡು ದಿನ: ಓದುಗರು ಕೇಳಿದ್ದು, ಬಲ್ಲವರು ಹೇಳಿದ್ದು

ಮಳೆಗಾಲ ಮುಗಿಯುತ್ತಿದ್ದಂತೆ ಮೈಸೂರು, ಮಂಡ್ಯ ಕಡೆ ಶನಿವಾರ–ಭಾನುವಾರದ ಶಿಬಿರಗಳ ಕರಪತ್ರಗಳು ಓಡಾಡಲು ಶುರುವಾಗುತ್ತವೆ. ಧ್ಯಾನ, ಮೌನ, ಪಕ್ಷಿವೀಕ್ಷಣೆ, ಚಿತ್ರಕಲೆ, ಸುಮ್ಮನೆ ವಿಶ್ರಾಂತಿ ಹೀಗೆ ಬಗೆ ಹಲವು. ಈ ಬಗ್ಗೆ ಬಂದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರವಿದೆ.

ಪ್ರಶ್ನೆ: ನಾವು ಹತ್ತು ಜನ ಸ್ನೇಹಿತರು. ಶನಿವಾರ ಮಧ್ಯಾಹ್ನ ಹೊರಟು ಮುತ್ತತ್ತಿ ಹತ್ತಿರ ಹೊಳೆ ದಡದಲ್ಲಿ ಟೆಂಟ್ ಹಾಕಿ ಭಾನುವಾರ ಸಂಜೆ ವಾಪಸ್ ಬರೋಣ ಅಂತಿದ್ದೇವೆ. ಟೆಂಟ್ ನಮ್ಮದೇ ಇದೆ. ಯಾರನ್ನು ಕೇಳಬೇಕು? ಗಾಳ ಹಾಕಬಹುದೇ?
— ಬ್ಯಾಂಕ್ ನೌಕರರು, ಮಂಡ್ಯ

ಉತ್ತರ: ಸ್ವಂತ ಟೆಂಟಿನ ಯೋಚನೆಯನ್ನು ಇಲ್ಲಿಗೇ ಬಿಡಿ. ಮುತ್ತತ್ತಿ, ಭೀಮೇಶ್ವರಿ ಸುತ್ತಿನ ಕಾಡು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅದರೊಳಗೆ ತಂಗುವುದೂ ಬೆಂಕಿ ಹಾಕುವುದೂ ಅಪರಾಧ. ಮುತ್ತೆತ್ತರಾಯನ ಗುಡಿಗೆ ಹಗಲು ಹೋಗಿಬರಲು ದಾರಿ ಇದೆಯೆಂದ ಮಾತ್ರಕ್ಕೆ ರಾತ್ರಿ ದಡದಲ್ಲಿ ಮಲಗಬಹುದು ಎಂದಲ್ಲ. ಹೊಳೆ ಪಕ್ಕದಲ್ಲೇ ರಾತ್ರಿ ಕಳೆಯಬೇಕೆಂದಿದ್ದರೆ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ ಭೀಮೇಶ್ವರಿಯಲ್ಲಿ ನಡೆಸುವ ಶಿಬಿರವಿದೆ. ಮಳವಳ್ಳಿ, ಹಲಗೂರು ಮೇಲೆ ಹೋಗಬೇಕು. ವಾರದ ಕೊನೆಗೆ ಬೇಗ ಭರ್ತಿಯಾಗುತ್ತದೆ. ಹತ್ತು ಜನ ಒಟ್ಟಿಗೆ ಹೋಗುವುದಾದರೆ ಸಾಕಷ್ಟು ಮುಂಚೆಯೇ ಕಾಯ್ದಿರಿಸಿ.

ಕಾನೂನಿಗಿಂತ ದೊಡ್ಡ ವಿಷಯ ಹೊಳೆಯದು. ಮುತ್ತತ್ತಿಯಲ್ಲಿ ಸುಡುಬಿಸಿಲಿದ್ದರೂ ಕೊಡಗಿನಲ್ಲೋ ವಯನಾಡಿನಲ್ಲೋ ಮಳೆ ಬಿದ್ದರೆ ಕೆಆರ್‌ಎಸ್, ಕಬಿನಿ ಎರಡರಿಂದಲೂ ನೀರು ಬಿಡುತ್ತಾರೆ. ಅದು ತಿ. ನರಸೀಪುರದಲ್ಲಿ ಸೇರಿ, ಶಿವನಸಮುದ್ರ ಇಳಿದು, ಇಲ್ಲಿಗೆ ಬರುತ್ತದೆ. ಸಂಜೆ ಕಾಲು ಚಾಚಿ ಕೂತ ಬಂಡೆ ಬೆಳಿಗ್ಗೆ ನೀರೊಳಗಿರಬಹುದು. ದಡದ ಹತ್ತಿರ ನೀರು ನಿಂತಂತೆ ಕಂಡರೂ ಬಂಡೆಗಳ ನಡುವೆ ಸುಳಿಗಳಿವೆ, ಅಡಿಯಲ್ಲಿ ಮಡುಗಳಿವೆ. ಈಜು ಬಲ್ಲವರೂ ಇಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಮೊಸಳೆಗಳೂ ಇವೆ. ಮೊಣಕಾಲುದ್ದ ನೀರು ಎಂದು ಇಳಿಯುವುದು ಬೇಡ. ತೆಪ್ಪ, ಕಯಾಕ್ ಏನೇ ಇದ್ದರೂ ಸಿಬ್ಬಂದಿಯ ಜೊತೆ, ಲೈಫ್ ಜಾಕೆಟ್‌ನ ಎಲ್ಲ ಬಕಲ್ ಹಾಕಿಕೊಂಡೇ ಹತ್ತಿ. ಹಾಕಿದ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಜಾಕೆಟ್ ಕಿವಿ ಮುಟ್ಟುವಷ್ಟು ಮೇಲೆ ಬಂದರೆ ಅದು ಸಡಿಲ ಎಂದು ಅರ್ಥ.

ಗಾಳ ಬೇಡವೇ ಬೇಡ. ಕಾವೇರಿಯ ದೊಡ್ಡ ಬಿಳಿಮೀನು, ಅಂದರೆ ಗೂನುಬೆನ್ನಿನ ಮಹಶೀರ್, ಅಳಿವಿನ ಅಂಚಿನಲ್ಲಿದೆ ಎಂದು 2018ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿಗೆ ಸೇರಿತು.

ಪ್ರಶ್ನೆ: ಎಚ್.ಡಿ. ಕೋಟೆ ಕಡೆ ಕಾಡಿನ ಪಕ್ಕದ ತೋಟದಲ್ಲಿ ಎರಡು ದಿನದ ಮೌನ ಶಿಬಿರವಂತೆ, ಮೂವತ್ತು ಜನರಂತೆ. ನನಗೀಗ 54 ವರ್ಷ, ಒಬ್ಬಳೇ ಹೋಗಬೇಕೆಂದಿದ್ದೇನೆ. ದುಡ್ಡು ಕಟ್ಟುವ ಮುಂಚೆ ಏನೇನು ವಿಚಾರಿಸಬೇಕು?
— ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಧಾರಾಳವಾಗಿ ಹೋಗಿ. ಆದರೆ ಕರಪತ್ರದಲ್ಲಿ ಕಾರ್ಯಕ್ರಮದ ವಿವರ ಎಷ್ಟೇ ಚೆನ್ನಾಗಿದ್ದರೂ ಶಿಬಿರದ ಹಣೆಬರಹ ನಿರ್ಧಾರವಾಗುವುದು ಜಾಗ, ಟಾಯ್ಲೆಟ್, ನೀರು ಮತ್ತು ರಾತ್ರಿ ಆಪತ್ತು ಬಂದರೆ ಹೊರಡುವ ವಾಹನದಿಂದ.

ಮೊದಲು ಜಾಗ. ತೋಟದ ಸರ್ವೆ ನಂಬರ್ ಕೇಳಿ. ಭೂಮಿ ವೆಬ್‌ಸೈಟಿನಲ್ಲಿ ಪಹಣಿ ನೋಡಿದರೆ ಖಾಸಗಿ ಜಮೀನು ಹೌದೋ ಅಲ್ಲವೋ ತಿಳಿಯುತ್ತದೆ. ಹೋಮ್‌ಸ್ಟೇ ಆಗಿದ್ದರೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ ಎಂದು ವಿಚಾರಿಸಿ. 'ಎಲ್ಲ ಗೊತ್ತಿರೋರೇ ಇದ್ದಾರೆ, ಏನೂ ತೊಂದರೆಯಿಲ್ಲ' ಎಂಬ ಉತ್ತರ ಬಂದರೆ ಆ ಶಿಬಿರ ಬಿಟ್ಟುಬಿಡಿ.

ಟಾಯ್ಲೆಟ್ ವಿಷಯ ಕೇಳಲು ಸಂಕೋಚ ಬೇಡ. ಮೂವತ್ತು ಜನಕ್ಕೆ ಮೂರು ಟಾಯ್ಲೆಟ್, ತಲಾ ಹತ್ತು ನಿಮಿಷ ಎಂದರೆ ಎಲ್ಲರದೂ ಮುಗಿಯಲು 100 ನಿಮಿಷ. ಬೆಳಿಗ್ಗೆ 6ಕ್ಕೆ ಧ್ಯಾನ ಎಂದಿದ್ದರೆ ಮೊದಲನೆಯವರು 4.20ಕ್ಕೆ ಎದ್ದಿರಬೇಕು. ಆರಾದರೂ ಇರಲಿ, ಹೆಂಗಸರಿಗೆ ಬೇರೆ ಇರಲಿ, ಒಳಗಿನಿಂದ ಚಿಲಕ ಸರಿಯಾಗಿ ಬೀಳಲಿ, ಮಲಗುವ ಜಾಗದಿಂದ ಅಲ್ಲಿಯವರೆಗೆ ದೀಪವಿರಲಿ. ನೀರು ಬೋರ್‌ವೆಲ್ಲಿನದೋ ಟ್ಯಾಂಕರಿನದೋ, ಕರೆಂಟ್ ಹೋದರೆ ತೊಟ್ಟಿಯಲ್ಲಿ ಎಷ್ಟು ಇರುತ್ತದೆ ಎಂಬುದನ್ನೂ ಕೇಳಿ. ಕುಡಿಯುವ ನೀರನ್ನು ಕೊತಕೊತ ಒಂದು ನಿಮಿಷ ಕುದಿಸಿದ್ದರೆ ಸಾಕು. ಬರೀ ಬೆಚ್ಚಗೆ ಮಾಡಿ 'ಕಾಯಿಸಿದ್ದೇವೆ' ಎಂದರೆ ಭಾನುವಾರ ಸಂಜೆಗೆ ಹೊಟ್ಟೆ ಕೆಡುತ್ತದೆ.

ಆಮೇಲೆ, ರಾತ್ರಿಯಿಡೀ ಶಿಬಿರದಲ್ಲೇ ನಿಲ್ಲುವ ಒಂದು ವಾಹನ, ಓಡಿಸಲು ಒಬ್ಬರು ಇರಲೇಬೇಕು. ಎಚ್.ಡಿ. ಕೋಟೆ ತಾಲ್ಲೂಕು ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ ಎಂದು ಕೇಳಿದಾಗ ಥಟ್ಟನೆ ಉತ್ತರ ಬರಬೇಕು. ಶಿಬಿರ ಮೌನದ್ದೆಂದು ಫೋನ್ ಕಸಿದುಕೊಳ್ಳುವ ಪದ್ಧತಿ ಇದ್ದರೆ, ಮನೆಯವರು ಕರೆಮಾಡಬಹುದಾದ ಒಂದು ನಂಬರ್ ಬರೆಸಿಕೊಂಡು ಮನೆಯಲ್ಲಿ ಕೊಟ್ಟುಹೋಗಿ. ರಾತ್ರಿ ಹೆಂಗಸು ಸಿಬ್ಬಂದಿ ಇರುತ್ತಾರೆಯೇ ಎಂದೂ ಕೇಳಿ.

ಹೊರಡುವ ಹೊತ್ತು ಮುಖ್ಯ. ನಾಗರಹೊಳೆ ಕಾಡಿನ ಮೂಲಕ ಹಾಯುವ ಮೈಸೂರು–ಮಾನಂದವಾಡಿ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಕಾಡಿನಿಂದ ಈಚೆಗಿನ ರಸ್ತೆಗಳಲ್ಲೂ ಮುಸ್ಸಂಜೆ ಮೇಲೆ ಆನೆ ದಾಟುತ್ತವೆ. ಮಧ್ಯಾಹ್ನ 3ರೊಳಗೆ ಜಾಗ ಸೇರುವಂತೆ ಹೊರಡಿ. ಬೆಳಕಿದ್ದಾಗಲೇ ಟಾಯ್ಲೆಟ್ ದಾರಿ, ಅಡುಗೆಮನೆ, ವಾಹನ ನಿಲ್ಲುವ ಜಾಗ ನೋಡಿಟ್ಟುಕೊಂಡರೆ ಅರ್ಧ ಭಯ ಹೋಗುತ್ತದೆ.

ಪ್ರಶ್ನೆ: ಕಳೆದ ಡಿಸೆಂಬರಿನ ಶಿಬಿರದಲ್ಲಿ ಒಂದು ಹನಿ ಮಳೆ ಬರಲಿಲ್ಲ. ಆದರೂ ಬೆಳಿಗ್ಗೆ ಟೆಂಟಿನ ಒಳಗೆಲ್ಲ ನೀರು, ಹೊದಿಕೆ ಒದ್ದೆ. ಚಳಿಗೆ ನಿದ್ದೆಯೂ ಬರಲಿಲ್ಲ. ಟೆಂಟೇ ಕೆಟ್ಟದ್ದಾ?
— ಕಾಲೇಜು ಉಪನ್ಯಾಸಕರು, ಮದ್ದೂರು

ಉತ್ತರ: ಟೆಂಟ್ ಸರಿಯಾಗೇ ಇದೆ. ಆ ನೀರು ನಿಮ್ಮದೇ ಉಸಿರು, ಬೆವರು. ಮಲಗಿದ ಒಬ್ಬೊಬ್ಬರಿಂದಲೂ ರಾತ್ರಿಯಿಡೀ ನೀರಾವಿ ಹೊರಬರುತ್ತಲೇ ಇರುತ್ತದೆ. ಹೊರಗೆ ಇಬ್ಬನಿ ಬಿದ್ದು ಬಟ್ಟೆ ತಣ್ಣಗಾಗಿರುತ್ತದೆ, ಚಳಿ ಎಂದು ನೀವು ಜಿಪ್ ಪೂರ್ತಿ ಎಳೆದಿರುತ್ತೀರಿ. ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹನಿಗಟ್ಟುವಂತೆ ಆವಿ ಮೇಲೆ ಕೂತು ಕೆಳಗೆ ತೊಟ್ಟಿಕ್ಕುತ್ತದೆ. ನಾಲ್ಕು ಜನರ ಟೆಂಟಿನಲ್ಲಿ ನಾಲ್ಕು ಜನ ಮಲಗಿದರೆ ಇನ್ನೂ ಹೆಚ್ಚು. ಅದರಲ್ಲಿ ಮೂವರು ಸಾಕು.

ಪರಿಹಾರ ಇಷ್ಟು: ಸೊಳ್ಳೆಪರದೆಯ ಜಿಪ್ಪನ್ನು ಪೂರ್ತಿ ಹಾಕಿ, ಆದರೆ ಹೊರಬಾಗಿಲ ಜಿಪ್ಪನ್ನು ಮೇಲ್ತುದಿಯಲ್ಲಿ ಒಂದು ಗೇಣು ಬಿಡಿ. ಎದುರುಬದಿಯ ಕಿಟಕಿಯನ್ನೂ ಅಷ್ಟೇ ತೆರೆಯಿರಿ. ಗಾಳಿ ಕೆಳಗಿಂದ ಬಂದು ಮೇಲಿಂದ ಹೋಗಬೇಕು. ಹೊರಹೊದಿಕೆ ಒಳಟೆಂಟಿಗೆ ಎಲ್ಲೂ ತಾಗದಂತೆ ಹಗ್ಗ ಬಿಗಿಯಿರಿ, ನಡುವೆ ನಾಲ್ಕು ಬೆರಳು ಜಾಗವಿರಲಿ. ತಾಗಿದ ಕಡೆಯಿಂದಲೇ ನೀರು ಒಳಗಿಳಿಯುವುದು. ಗೂಟವನ್ನು ಟೆಂಟಿನಿಂದ ಆಚೆಗೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಹೊಡೆದರೆ ಹಗ್ಗ ಸಡಿಲವಾಗುವುದಿಲ್ಲ. ನೆಟ್ಟಗೆ ಹೊಡೆದದ್ದು ನಮ್ಮ ಕಡೆಯ ಕೆಮ್ಮಣ್ಣು ಸ್ವಲ್ಪ ತೇವವಾದರೂ ಕಿತ್ತುಬರುತ್ತದೆ. ಒದ್ದೆ ಟವೆಲ್, ಸಾಕ್ಸ್ ಒಳಗೆ ಒಣಹಾಕಬೇಡಿ. ಕೆಳಗೆ ಹಾಸುವ ಟಾರ್ಪಾಲು ಟೆಂಟಿನ ತಳಕ್ಕಿಂತ ಎರಡು ಇಂಚು ಚಿಕ್ಕದಿರಲಿ. ದೊಡ್ಡದಾಗಿದ್ದರೆ ಅಂಚನ್ನು ಒಳಕ್ಕೆ ಮಡಚಿ. ಹೊರಗೆ ಚಾಚಿದ ಟಾರ್ಪಾಲು ಇಬ್ಬನಿ, ಮಳೆ ಎರಡನ್ನೂ ಹಿಡಿದು ನಿಮ್ಮ ಬೆನ್ನಡಿಗೆ ತಂದುಕೊಡುತ್ತದೆ.

ಇನ್ನು ಚಳಿ. ಅದು ಬರುವುದು ಮೇಲಿನಿಂದಲ್ಲ, ನೆಲದಿಂದ. ಮೇಲೆ ಎರಡು ರಗ್ಗು ಹೊದ್ದು ಕೆಳಗೆ ಬರೀ ಜಮಖಾನ ಹಾಸಿದರೆ ಮೈಯ ಬಿಸಿಯನ್ನು ಮಣ್ಣು ಹೀರುತ್ತದೆ. ಹತ್ತು ಮಿಲಿಮೀಟರಿನ ಫೋಮ್ ಮ್ಯಾಟ್ ಮೊದಲು, ಅದರ ಮೇಲೆ ಜಮಖಾನ. ಮಲಗುವ ಮುಂಚೆ ಹಗಲಿನ ಬೆವರು ಹಿಡಿದ ಬನಿಯನ್, ಸಾಕ್ಸ್ ಬದಲಾಯಿಸಿ. ಒಣಬಟ್ಟೆಯೊಂದು ಜೊತೆ ಇದಕ್ಕೆಂದೇ ಇರಲಿ.

ಜಾಗ ಆರಿಸುವಾಗ ತಲೆಯೆತ್ತಿ ನೋಡಿ. ಒಣಕೊಂಬೆ, ಒಣಗಿದ ಬಿದಿರುಮೆಳೆ, ತೆಂಗಿನ ಮರ ಇವುಗಳ ಅಡಿ ಟೆಂಟ್ ಬೇಡ. ಹಳ್ಳದ ಪಾತ್ರ ಒಣಗಿದ್ದರೂ ಅದರೊಳಗೆ ಬೇಡ. ಮೆತ್ತನೆ ಮರಳೆಂದು ಅಲ್ಲೇ ಹಾಕುವವರು ಬಹಳ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಫ್ರಿಜ್ ಇಲ್ಲದ ಕಡೆ ಎರಡು ದಿನ ಹೇಗೆ?
— ನಿವೃತ್ತ ಶಿಕ್ಷಕರು, ಶ್ರೀರಂಗಪಟ್ಟಣ

ಉತ್ತರ: ಬಳಸಲು ಶುರುಮಾಡಿದ ಇನ್ಸುಲಿನ್ ಬಾಟಲಿ ಅಥವಾ ಪೆನ್ನನ್ನು ಫ್ರಿಜ್ ಇಲ್ಲದೆ, 30 ಡಿಗ್ರಿಯ ಒಳಗೆ, ಸಾಮಾನ್ಯವಾಗಿ ನಾಲ್ಕು ವಾರ ಇಡಬಹುದು. ನಿಮ್ಮದಕ್ಕೆ ಎಷ್ಟು ಎಂದು ಅದರ ಡಬ್ಬಿಯ ಮೇಲಿರುತ್ತದೆ. ಹಾಳಾಗುವುದು ಎರಡು ಕಡೆ: ಬಿಸಿಲಲ್ಲಿ ನಿಂತ ಕಾರಿನೊಳಗೆ ಮತ್ತು ಐಸಿಗೆ ನೇರವಾಗಿ ತಾಗಿದಾಗ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಮಣ್ಣಿನ ಕುಡಿಕೆಗೆ ಹೊರಗಿನಿಂದ ಒದ್ದೆ ಬಟ್ಟೆ ಸುತ್ತಿ, ಒಳಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಔಷಧ ಇಟ್ಟು ನೆರಳಲ್ಲಿಟ್ಟರೆ ಬೇಸಿಗೆಯಲ್ಲೂ ಸಾಕು.

ಹೆಚ್ಚಿನ ಅಪಾಯ ಊಟದ ಹೊತ್ತಿನದು. ಶಿಬಿರಗಳಲ್ಲಿ ಎಂಟಕ್ಕೆ ಎಂದ ಊಟ ಒಂಬತ್ತೂವರೆಗೆ ಬರುವುದುಂಟು, ಹಗಲು ನಡಿಗೆಯೂ ಹೆಚ್ಚು. ಊಟ ಎದುರಿಗೆ ಬಂದಮೇಲೇ ಚುಚ್ಚಿಕೊಳ್ಳುವ ಬಗ್ಗೆ, ನಡಿಗೆಯ ದಿನದ ಪ್ರಮಾಣದ ಬಗ್ಗೆ ನಿಮ್ಮ ವೈದ್ಯರನ್ನು ಹೋಗುವ ಮೊದಲೇ ಕೇಳಿ. ಬೆವರು, ನಡುಕ, ಕಣ್ಣುಕತ್ತಲೆ ಬಂದರೆ, ಮೀಟರಿನಲ್ಲಿ 70ಕ್ಕಿಂತ ಕಡಿಮೆ ತೋರಿಸಿದರೆ, ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ. ಸಕ್ಕರೆ ನಿಮ್ಮ ಜೇಬಿನಲ್ಲೇ ಇರಲಿ, ಟೆಂಟಿನಲ್ಲಲ್ಲ. ಪಕ್ಕದವರಿಗೆ ಮೊದಲ ದಿನವೇ ವಿಷಯ ಹೇಳಿಡಿ. ಮೌನ ಶಿಬಿರವಾದರೂ ಇದನ್ನು ಹೇಳಲೇಬೇಕು.

ಪ್ರಶ್ನೆ: ಹಾವು, ಉಣುಗು, ಜಿಗಣೆ ಇವುಗಳದ್ದೇ ಹೆದರಿಕೆ. ಏನು ಜಾಗ್ರತೆ ಮಾಡಬೇಕು?
— ಓದುಗರು, ಪಾಂಡವಪುರ

ಉತ್ತರ: ಜಿಗಣೆಯಿಂದ ಪ್ರಾಣಭಯವಿಲ್ಲ. ಉಗುರಿನಿಂದ ಅದರ ಬಾಯಿಯ ಪಕ್ಕದ ಚರ್ಮ ಸರಿಸಿದರೆ ಬಿಡುತ್ತದೆ. ಆಮೇಲೆ ಸೋಪಿನಲ್ಲಿ ತೊಳೆದು ಒತ್ತಿ ಹಿಡಿಯಿರಿ.

ಉಣುಗಿನ ವಿಷಯದಲ್ಲಿ ಎಚ್ಚರ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನಕಾಯಿಲೆ ಹರಡುವುದು ಇದರಿಂದಲೇ. 2012ರ ಕೊನೆಯಲ್ಲಿ ಅದು ಬಂಡೀಪುರದಲ್ಲೂ ಕಾಣಿಸಿಕೊಂಡಿತ್ತು. ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ, ತಿಳಿಬಣ್ಣದ ಬಟ್ಟೆ ಹಾಕಿ, ತರಗೆಲೆ ಮೇಲೆ ಬರೀ ನೆಲದಲ್ಲಿ ಕೂರಬೇಡಿ. ಸಂಜೆ ಕಂಕುಳು, ತೊಡೆಸಂದು, ಮೊಣಕಾಲ ಹಿಂದೆ, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೇರ ಎಳೆಯಿರಿ. ಬೆಂಕಿಕಡ್ಡಿ, ಸೀಮೆಎಣ್ಣೆ ಬೇಡ. ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ.

ಹಾವಿನಲ್ಲಿ ನೆಲದ ಮೇಲೆ ಮಲಗಿದವರಿಗೆ ಅಪಾಯ ಕಟ್ಟುಹಾವಿನದು. ಅದು ರಾತ್ರಿ ಓಡಾಡುತ್ತದೆ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನಡುರಾತ್ರಿ ಹೊಟ್ಟೆನೋವು, ರೆಪ್ಪೆ ಜೋಲುವುದು, ನುಂಗಲು ಕಷ್ಟ ಎಂದರೆ ಅಜೀರ್ಣ ಎಂದು ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಟೆಂಟಿನ ಪರದೆಯ ಜಿಪ್ ಸದಾ ಹಾಕಿರಲಿ. ತಿಂಡಿ ಒಳಗಿಡಬೇಡಿ: ತಿಂಡಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಬಾಳೆಹಣ್ಣು, ಬೆಲ್ಲ, ಹಲಸು ಇದ್ದರೆ ಆನೆಯೂ ಬರುತ್ತದೆ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಮಾಡಬೇಡಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ, ಕೈಕಾಲಿಗೆ ಕೋಲಿನ ಆಸರೆ ಕೊಟ್ಟು ಅಲುಗದಂತೆ ಮಾಡಿ, ನಡೆಸದೆ ಎತ್ತಿಕೊಂಡು ವಾಹನಕ್ಕೆ ತನ್ನಿ. 108ಕ್ಕೆ ಕರೆಮಾಡಿ. ಹಾವು ಹುಡುಕುತ್ತಾ ಹೊತ್ತು ಕಳೆಯಬೇಡಿ.

ಪ್ರಶ್ನೆ: ಶಿಬಿರಾಗ್ನಿ ಹಾಕಬಹುದೇ?
— ಓದುಗರು, ಹುಣಸೂರು

ಉತ್ತರ: ಜನವರಿಯಿಂದ ಮೇವರೆಗೆ ಬೇಡ. ಒಣ ಲಂಟಾನ ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಉಳಿದ ತಿಂಗಳಲ್ಲಿ, ಖಾಸಗಿ ಜಮೀನಿನಲ್ಲಿ, ಸುತ್ತ ಹತ್ತು ಅಡಿ ತರಗು ಗುಡಿಸಿ ಸಣ್ಣದಾಗಿ ಹಾಕಿ. ಪಕ್ಕದಲ್ಲಿ ಎರಡು ಬಕೆಟ್ ನೀರಿರಲಿ. ಮಲಗುವ ಮುಂಚೆ ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ಸುರಿಯಿರಿ. ಬೂದಿಯ ಹತ್ತಿರ ಅಂಗೈ ಹಿಡಿದಾಗ ಬಿಸಿ ತಾಗಿದರೆ ಇನ್ನೊಂದು ಬಕೆಟ್ ಬೇಕು.