ಶವರ್ ಪಂಪ್ ಚಾಲೂ ಆದಾಗ ಎಂಸಿಬಿ ಬೀಳುವುದಕ್ಕೆ

ನವನಗರದ ಮನೆಯಲ್ಲಿ ಅರ್ಧ ಎಚ್‌ಪಿ ಶವರ್ ಪಂಪನ್ನು ಲೈಟ್ ಲೈನಿಗೆ ಕೊಟ್ಟಿದ್ದೀರಿ. ಚಾಲೂ ಆದ ಕೂಡಲೇ 6 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಲೈನ್ ಕಡಿಯುವ ಸ್ವಿಚ್) ಬೀಳುತ್ತದೆ, 16ರದ್ದು ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಆ ಲೈನಿನ 1 ಚದರ ಮಿ.ಮೀ. ವೈರ್ ಕಾದು ಕರಗಿದರೂ 16ರ ಎಂಸಿಬಿ ಬೀಳಲಿಕ್ಕಿಲ್ಲ.

ಈ ಪಂಪ್ ಓಡುವಾಗ ಎಳೆಯುವುದು ಸುಮಾರು 3 ಆಂಪಿಯರ್, ಚಾಲೂ ಆಗುವ ಕ್ಷಣ ಅದರ ಐದಾರು ಪಟ್ಟು. ನಿಮ್ಮದು ‘ಬಿ6’, ಅಂದರೆ 6 ಆಂಪಿಯರಿನ ಬೇಗ ಬೀಳುವ ಬಗೆ, ಇದ್ದರೆ 18 ಆಂಪಿಯರಿಗೇ ಬೀಳಬಹುದು. ಅಷ್ಟೇ ಆಂಪಿಯರಿನ ‘ಸಿ6’ ಬಗೆ ಆ ಏಟನ್ನು 30ರವರೆಗೆ ತಡೆದುಕೊಳ್ಳುತ್ತದೆ.

ಡಿಬಿಯಿಂದ (ಎಂಸಿಬಿಗಳಿರುವ ಪೆಟ್ಟಿಗೆಯಿಂದ) ಪಂಪಿಗೆಂದೇ 1.5 ಚದರ ಮಿ.ಮೀ. ತಾಮ್ರದ ಮೂರು ವೈರ್ ಎಳೆಸಿ. ಸಿ6 ಎಂಸಿಬಿ ಜೊತೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ಲೈನ್ ಕಡಿಯುವ ಸ್ವಿಚ್) ಬೇಕೇ ಬೇಕು. ಲೀಕೇಜ್ ಎಂಸಿಬಿಗೆ ಗೊತ್ತಾಗುವುದಿಲ್ಲ, ಒದ್ದೆ ಮೈಗೆ ಕಾವಲು ಆರ್‌ಸಿಸಿಬಿಯೇ. ಪಂಪಿನ ನ್ಯೂಟ್ರಲ್ (ಕರೆಂಟ್ ಹಿಂದಿರುಗುವ ವೈರ್) ಅದರ ಔಟ್‌ಪುಟ್‌ನಿಂದಲೇ ಬರಲಿ. ಹಳೆಯ ಕಾಮನ್ ನ್ಯೂಟ್ರಲಿಗೆ ಸೇರಿಸಿದರೆ ಪಂಪ್ ಹಾಕಿದಾಗಲೆಲ್ಲ ಆರ್‌ಸಿಸಿಬಿ ಬೀಳುತ್ತದೆ. ಆಗ ಬೇಸತ್ತು ಆರ್‌ಸಿಸಿಬಿಯನ್ನೇ ಕಿತ್ತುಹಾಕುವವರಿದ್ದಾರೆ, ನೀವು ಹಾಗೆ ಮಾಡಬೇಡಿ. ಎರಡು ಪೋಲಿನ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಸ್ವಿಚ್ ಬಚ್ಚಲಿನ ಹೊರಗಿರಲಿ.

ಇನ್ನು ಅರ್ಥಿಂಗ್. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗ್ ಪೈಪಿನಿಂದ ಸರಿದು ನಿಲ್ಲುತ್ತದೆ. ಆ ಗುಂಡಿಗೆ ಆಗಾಗ ನೀರು ಹಾಕುತ್ತಿರಿ. ಟೆಸ್ಟ್ ಬಟನ್ ಒತ್ತಿದಾಗ ಬಿದ್ದರೆ ಆರ್‌ಸಿಸಿಬಿ ಸರಿಯಿದೆ ಎಂದಷ್ಟೇ ಅರ್ಥ, ಅರ್ಥಿಂಗ್ ಸರಿಯಿದೆ ಎಂದಲ್ಲ. ಅರ್ಥಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕಡೆಯಿಂದ ಮೀಟರ್ ಇಟ್ಟು ಅಳೆಸಿ, ಅಲ್ಲಿಯವರೆಗೆ ಪಂಪ್ ಚಾಲೂ ಮಾಡಬೇಡಿ.