ಓದುಗರ ಪ್ರಶ್ನೆ: ಅಲೆ ಒಡೆದಾಗ ನೀರೊಳಗೆ ಮೊರೆಯುವುದು ಯಾವುದು?

ಪ್ರಶ್ನೆ: ಕಡಲಲೆ ಒಡೆದಾಗ ನೀರಿನಡಿಯಲ್ಲೂ ದೊಡ್ಡ ಸದ್ದಿರುತ್ತದಂತೆ. ನೀರಿಗೆ ನೀರು ಬಡಿಯುವುದರಿಂದಲೇ? ಆಷಾಢದ ಗಾಳಿಗೆ ನಮ್ಮ ವಾಣಿವಿಲಾಸ ಸಾಗರದಲ್ಲೂ ಕೇಳಿಸೀತೇ?
– ಶಿಕ್ಷಕರೊಬ್ಬರು, ಹಿರಿಯೂರು

ಉತ್ತರ: ಬಡಿತದ ಪಾಲು ಕಡಿಮೆ, ಕೂಗುವುದು ಗುಳ್ಳೆ. ಅಲೆಯ ತಲೆ ಮಗುಚುವಾಗ ಗಾಳಿ ಒಳಗೆ ಸಿಕ್ಕಿಬೀಳುತ್ತದೆ. ಆ ಗಾಳಿ ಸ್ಪ್ರಿಂಗು, ಸುತ್ತಲಿನ ನೀರು ಅದಕ್ಕೆ ಕಟ್ಟಿದ ತೂಕ. ಗುಳ್ಳೆ ಹಿಗ್ಗಿ ಕುಗ್ಗಿ ಮಿಡಿಯುತ್ತದೆ. ವಿಜ್ಞಾನಿ ಮಿನ್ನಾರ್ಟ್ 1933ರಲ್ಲಿ ಕೊಟ್ಟ ಲೆಕ್ಕದಂತೆ, ಮೇಲ್ಮೈ ಹತ್ತಿರ 3260ನ್ನು ಮಿಲಿಮೀಟರಿನಲ್ಲಿ ಅಳೆದ ತ್ರಿಜ್ಯದಿಂದ ಭಾಗಿಸಿದರೆ ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಮಿಡಿತ ಎಂಬುದು ಸಿಗುತ್ತದೆ. 1 ಮಿ.ಮೀ. ಗುಳ್ಳೆಗೆ 3260, 5 ಮಿ.ಮೀ.ಗೆ ಸುಮಾರು 650. ಕೂಗುವುದು ಹುಟ್ಟಿದ ಕ್ಷಣ ಮಾತ್ರ; ಕೆಲವು ಮಿಲಿಸೆಕೆಂಡಿನಲ್ಲಿ ಅಡಗುತ್ತದೆ. ಆಮೇಲೆ ಬೆಳ್ಳಗೆ ತೇಲುವ ನೊರೆ ನೀರೊಳಗೆ ಹೆಚ್ಚುಕಡಿಮೆ ಮೂಕ.

ಹಾಗಾದರೆ ಅಲೆ ಒಡೆದಾಗ ಕೇಳುವ ನೂರಿನ್ನೂರು ಹರ್ಟ್ಸಿನ ಗುಡುಗು? ಅದು ಒಂಟಿ ಗುಳ್ಳೆಯದಲ್ಲ, ಗುಂಪಿನದು. ಬರೀ ನೀರಿನಲ್ಲಿ ಸೆಕೆಂಡಿಗೆ 1500 ಮೀಟರ್ ಓಡುವ ಶಬ್ದ, ಶೇ 1ರಷ್ಟು ಗಾಳಿ ಬೆರೆತರೆ ನೂರು ಚಿಲ್ಲರೆ ಮೀಟರಿಗೆ ಇಳಿಯುತ್ತದೆ. ಹೀಗಾಗಿ ಇಡೀ ಗುಳ್ಳೆಮೋಡ ಒಂದೇ ದೊಡ್ಡ ಗುಳ್ಳೆಯಂತೆ ಮಿಡಿಯುತ್ತದೆ.

ವಾಣಿವಿಲಾಸದಲ್ಲೂ ಕೇಳಬಹುದು, ಆದರೆ ಅಲೆಯ ತಲೆ ಬೆಳ್ಳಗಾದರೆ ಮಾತ್ರ. ನೊರೆಯೇಳದ ಅಲೆ ಎಷ್ಟು ಕುಣಿದರೂ ಗುಳ್ಳೆಯಿಲ್ಲ, ಆ ಸದ್ದೂ ಇಲ್ಲ. ಸಿಹಿನೀರಿನಲ್ಲಿ ಗುಳ್ಳೆಗಳು ಬೇಗ ಒಂದಕ್ಕೊಂದು ಕೂಡಿಬಿಡುವುದರಿಂದ ಕಡಲಿನಷ್ಟು ಸಣ್ಣ ನೊರೆ ನಿಲ್ಲದು.

ಪ್ರಶ್ನೆ: ನೀರೊಳಗಿನ ಗುಳ್ಳೆಗಳ ಸದ್ದು ಹಿಡಿಯಲು 27 ಮಿ.ಮೀ. ಪೀಜೋ ಬಿಲ್ಲೆಗೆ (ಅದುರಿದರೆ ವಿದ್ಯುತ್ ಹುಟ್ಟಿಸುವ ಬಿಲ್ಲೆ) ಎಪಾಕ್ಸಿ ಅಂಟು ಬಳಿದು ಕುಂದವಾಡ ಕೆರೆಗೆ ಇಳಿಬಿಟ್ಟು, ಮೊಬೈಲಿನ ಮೈಕ್ ಪಿನ್ನಿಗೆ ಸಿಕ್ಕಿಸಿದೆ. ಬರೀ ಸುಸ್ಸೆನ್ನುತ್ತದೆ, ನಡುವೆ ಟಕ್‌ಟಕ್.
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬಿಲ್ಲೆ ಕೆಟ್ಟಿಲ್ಲ, ಜೋಡಣೆ ತಪ್ಪು. ಆ ಅಳತೆಯ ಬಿಲ್ಲೆ ಸುಮಾರು 20 ನ್ಯಾನೋಫ್ಯಾರಡ್ ಕೆಪಾಸಿಟರ್ ಇದ್ದಂತೆ. ಮೊಬೈಲಿನ ಮೈಕ್ ಇನ್‌ಪುಟ್ 2 ಕಿಲೋಓಮ್ ಎಂದುಕೊಂಡರೆ 4000 ಹರ್ಟ್ಸಿಗಿಂತ ಕೆಳಗಿನದೆಲ್ಲ ಸೊರಗುತ್ತದೆ, ಅಂದರೆ ನೀವು ಹುಡುಕುತ್ತಿರುವುದೇ! ನಡುವೆ 1 ಮೆಗಾಓಮ್ ಇನ್‌ಪುಟ್ಟಿನ ಜೆಫೆಟ್ ಪ್ರೀಆಂಪ್ (ಟ್ರಾನ್ಸಿಸ್ಟರಿನ ಪುಟ್ಟ ವರ್ಧಕ) ಹಾಕಿ, ಆ ಮಿತಿ 8 ಹರ್ಟ್ಸಿಗೆ ಇಳಿಯುತ್ತದೆ. ವೈರು ಶೀಲ್ಡ್ (ಲೋಹದ ಹೊದಿಕೆ) ಇರುವುದೇ ಬೇಕು, ಇಲ್ಲದಿದ್ದರೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಟ್ಟುತ್ತದೆ. ರೆಕಾರ್ಡರಿನ ಆಟೋ ಗೇಯ್ನ್ (ಸದ್ದನ್ನು ತಾನೇ ಏರಿಳಿಸುವ ಸೌಲಭ್ಯ) ಆಫ್ ಮಾಡಿ.

ಟಕ್‌ಟಕ್ ಬಹುಶಃ ವೈರು ದಂಡೆಯ ಕಲ್ಲಿಗೆ ತಾಗುವುದು. ಅರ್ಧ ಕೆ.ಜಿ. ತೂಕವನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಬಿಲ್ಲೆಯನ್ನು ತೂಕಕ್ಕಿಂತ ಒಂದಡಿ ಮೇಲೆ ರಬ್ಬರ್‌ಬ್ಯಾಂಡಿನಿಂದ ತೂಗಿಬಿಡಿ; ವೈರು ಸಡಿಲವಿರಲಿ. ನೀರು ನುಗ್ಗುವುದು ಹೆಚ್ಚಾಗಿ ವೈರಿನ ಪಿವಿಸಿ ಸಿಪ್ಪೆಯ ಬಳಿ, ಅದಕ್ಕೆ ಎಪಾಕ್ಸಿ ಸರಿಯಾಗಿ ಅಂಟದು. ಉಪ್ಪುಕಾಗದದಿಂದ ಉಜ್ಜಿ, ಎರಡು ತೆಳು ಪದರ ಬಳಿಯಿರಿ.

ಕೆರೆಗೆ ಹೋಗುವ ಮೊದಲು ಬಕೆಟ್ಟಿನಲ್ಲಿ ಮುಳುಗಿಸಿ, ನಲ್ಲಿಯಿಂದ ಹನಿ ಬೀಳಿಸಿ. ‘ಪ್ಲಿಂಕ್’ ಎಂದರೆ ಹನಿಯ ಅಡಿ ಸಿಕ್ಕ ಗುಳ್ಳೆ ಕೂಗಿತು, ಮೈಕೂ ಸರಿಯಿದೆ.