ಇಂದಿನ ಸರ್ಕಾರ ಮತ್ತು ಕಾನೂನಿನ ಮೇಲೆ ಪ್ರಾಚೀನ ರೋಮನ್ನರ ಪ್ರಭಾವ ನಿಜವಾಗಿ ಎಷ್ಟು?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಸೆನೆಟ್, ವೀಟೊ, ಹೇಬಿಯಸ್ ಕಾರ್ಪಸ್ ಮುಂತಾದ ಪದಗಳೆಲ್ಲ ಲ್ಯಾಟಿನ್ ಆಗಿರುವುದರಿಂದ ಇಂದಿನ ಆಡಳಿತವೂ ಕಾನೂನೂ ರೋಮನ್ನರಿಂದಲೇ ಬಂದವು ಎನ್ನಬಹುದೇ ಎಂಬುದು ಒಂದು. ಅದರಲ್ಲಿ ಭಾರತಕ್ಕೆ ಸಂಬಂಧಿಸಿದ್ದು ಏನಾದರೂ ಇದೆಯೇ ಎಂಬುದು ಇನ್ನೊಂದು. ನಾನು ಇತಿಹಾಸಕಾರನಲ್ಲ, ಇಪ್ಪತ್ತು ವರ್ಷಗಳಿಂದ ದಕ್ಷಿಣ ಕನ್ನಡದಲ್ಲಿ ಸಿವಿಲ್ ವಕೀಲಿಕೆ ಮಾಡುತ್ತಿರುವವನು. ನನ್ನ ತಿಳಿವಳಿಕೆಯಂತೆ, ರೋಮ್ ಎದ್ದು ಕಾಣುವ ಕಡೆಗಳಲ್ಲಿ ಅದರ ಪ್ರಭಾವ ನಾವೆಣಿಸಿದಷ್ಟಿಲ್ಲ. ಯಾರ ಕಣ್ಣಿಗೂ ಬೀಳದ ಕಡೆ, ಅಂದರೆ ತೋಟದ ದಾರಿ, ಅಡವಿಟ್ಟ ಚಿನ್ನ, ಹೊಳೆಯ ನೀರು ಇಂಥವುಗಳಲ್ಲಿ, ಅದು ಆಳವಾಗಿ ಬೇರುಬಿಟ್ಟಿದೆ.

ಮೊದಲು ಹೆಸರುಗಳ ವಿಚಾರ. ನಮ್ಮ ಸಂವಿಧಾನದ 32ನೇ ವಿಧಿಯಲ್ಲಿರುವ ಹೇಬಿಯಸ್ ಕಾರ್ಪಸ್, ಮ್ಯಾಂಡಮಸ್, ಸರ್ಷಿಯೊರರಿ ಎಂಬ ರಿಟ್‌ಗಳು, ಅಂದರೆ ಉನ್ನತ ನ್ಯಾಯಾಲಯದ ಆಜ್ಞೆಗಳು, ಇಂಗ್ಲೆಂಡಿನ ರಾಜರ ನ್ಯಾಯಾಲಯಗಳಲ್ಲಿ ಹುಟ್ಟಿದವು. ಅಲ್ಲಿನ ಗುಮಾಸ್ತರು 1733ರವರೆಗೂ ದಾಖಲೆಗಳನ್ನು ಲ್ಯಾಟಿನ್‌ನಲ್ಲೇ ಬರೆಯುತ್ತಿದ್ದುದರಿಂದ ಆ ಹೆಸರುಗಳು ಉಳಿದುಕೊಂಡವು, ಅಷ್ಟೆ. (ಅಕ್ರಮವಾಗಿ ಹಿಡಿದಿಟ್ಟ ಸ್ವತಂತ್ರ ವ್ಯಕ್ತಿಯನ್ನು ಹಾಜರುಪಡಿಸುವಂತೆ ಆಜ್ಞಾಪಿಸುವ ಕ್ರಮ ರೋಮ್‌ನಲ್ಲೂ ಇತ್ತು, ಆದರೆ ಹೋಲಿಕೆ ಇದ್ದಮಾತ್ರಕ್ಕೆ ವಂಶಾವಳಿ ಬರೆಯಲಾಗದು.) ಸೆನೆಟ್ ಕೂಡ ಹಾಗೆಯೇ. ರೋಮ್ ಗಣರಾಜ್ಯದ ಸೆನೆಟ್ ಸಲಹೆ ಕೊಡುವ ಹಿರಿಯರ ಸಭೆಯಾಗಿತ್ತು. ಕಾನೂನಿಗೆ ಮತ ಹಾಕುತ್ತಿದ್ದುದು ಪ್ರಜೆಗಳ ಸಭೆಗಳು. 'ನಾನು ತಡೆಯುತ್ತೇನೆ' ಎಂಬ ಅರ್ಥದ ವೀಟೊ, ಜನಸಾಮಾನ್ಯರ ಪ್ರತಿನಿಧಿಗಳಾದ ಟ್ರಿಬ್ಯೂನರು ಅಧಿಕಾರಿಗಳ ಎದುರು ಎತ್ತುತ್ತಿದ್ದ ಅಸ್ತ್ರ. ಅಮೆರಿಕದ ಅಧ್ಯಕ್ಷರ ಅಧಿಕಾರವನ್ನು ಇಂದು ಎಲ್ಲರೂ ವೀಟೊ ಎನ್ನುತ್ತಾರಾದರೂ ಆ ದೇಶದ ಸಂವಿಧಾನದಲ್ಲಿ ಆ ಪದವೇ ಇಲ್ಲ.

ಹಾಗೆಂದು ಆಡಳಿತದಲ್ಲಿ ರೋಮ್‌ನ ಪಾಲು ಸೊನ್ನೆಯಲ್ಲ. ಒಬ್ಬನ ಕೈಗೆ ಅಧಿಕಾರ ಕೊಡಲು ರೋಮನ್ನರು ಹೆದರುತ್ತಿದ್ದರು: ಕಾನ್ಸಲ್ ಎಂಬ ಇಬ್ಬರು ಮುಖ್ಯಾಧಿಕಾರಿಗಳು, ಒಂದೇ ವರ್ಷದ ಅವಧಿ, ಒಬ್ಬರನ್ನು ಇನ್ನೊಬ್ಬರು ತಡೆಯುವ ಅವಕಾಶ. ಈ ಏರ್ಪಾಡನ್ನು ಕ್ರಿ.ಪೂ. 2ನೇ ಶತಮಾನದ ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ವಿವರಿಸಿದ. 1787ರಲ್ಲಿ ಅಮೆರಿಕದ ಸಂವಿಧಾನ ರಚಿಸಿದವರಿಗೆ ಆ ವಿವರಣೆ ಪರಿಚಿತವಾಗಿತ್ತು. ಆ ಸಂವಿಧಾನವನ್ನು ಸಮರ್ಥಿಸಿ ಪತ್ರಿಕೆಗಳಲ್ಲಿ ಬರೆದ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರೂ 'ಪಬ್ಲಿಯಸ್' ಎಂಬ ರೋಮನ್ ಹೆಸರಿನಲ್ಲೇ ಬರೆದರು. ಅವರಿಗೆ ರೋಮ್ ಮಾದರಿ ಎಷ್ಟೋ ಎಚ್ಚರಿಕೆಯೂ ಅಷ್ಟೇ ಆಗಿತ್ತು, ಏಕೆಂದರೆ ಆರು ತಿಂಗಳಿಗೆ ಮೀರಬಾರದಿದ್ದ ಸರ್ವಾಧಿಕಾರಿ ಹುದ್ದೆಯನ್ನು ಸೀಸರ್ ಕ್ರಿ.ಪೂ. 44ರಲ್ಲಿ ಆಜೀವ ಹುದ್ದೆಯಾಗಿಸಿಕೊಂಡಿದ್ದ. ನಮ್ಮ ತುರ್ತು ಪರಿಸ್ಥಿತಿಗೂ ಆರು ತಿಂಗಳಿಗೊಮ್ಮೆ ಸಂಸತ್ತಿನ ಒಪ್ಪಿಗೆ ಬೇಕೆಂಬ ನಿಯಮವನ್ನು ಕಂಡು ಇದೂ ರೋಮ್‌ನದೇ ಎನ್ನುವ ಆಸೆಯಾಗುತ್ತದೆ. ಅದು 1978ರ 44ನೇ ತಿದ್ದುಪಡಿಯಿಂದ ಬಂದದ್ದು. ಪಾಠ ಕಲಿಯಲು ನಮಗೆ ಸೀಸರ್ ಬೇಕಾಗಿರಲಿಲ್ಲ.

ಇನ್ನು ಕಾನೂನು. ನಮ್ಮ ಕಡೆಯ ಸಿವಿಲ್ ಕೋರ್ಟುಗಳಲ್ಲಿ ದಾರಿಯ ದಾವೆಗಳಿಗೆ ಎಂದೂ ಬರವಿಲ್ಲ. ನನ್ನ ಕಕ್ಷಿದಾರರೊಬ್ಬರ ಮನೆ ಗುಡ್ಡದ ಮೇಲಿತ್ತು. ರಸ್ತೆಗಿಳಿಯಲು ನೆರೆಯವರ ಅಡಿಕೆ ತೋಟದ ಅಂಚಿನಲ್ಲೇ ಹಾಯಬೇಕಿತ್ತು. ಅಜ್ಜನ ಕಾಲದಿಂದ ನಡೆದಾಡಿದ ದಾರಿ. ಅಡಿಕೆ ಮೂಟೆ ತಲೆಹೊರೆಯಲ್ಲಿ ಇಳಿಯುತ್ತಿರುವವರೆಗೆ ತಕರಾರಿರಲಿಲ್ಲ. ಮಗ ಪಿಕಪ್ ವಾಹನ ತಂದ ವಾರವೇ ನೆರೆಯವರು ತಡಮೆ ಹಾಕಿದರು. ತಡಮೆಯೆಂದರೆ ಗೊತ್ತಲ್ಲ, ಮನುಷ್ಯರು ಕಾಲೆತ್ತಿ ದಾಟಬಹುದು, ದನವಾಗಲಿ ಗಾಡಿಯಾಗಲಿ ದಾಟದು. 'ನಡೆದುಕೊಂಡು ಹೋಗಲಿ, ಬೇಡವೆಂದವರು ಯಾರು?' ಎಂಬುದು ಅವರ ವಾದ. ಕೋರ್ಟ್ ಕಮಿಷನರು ಟೇಪು ಹಿಡಿದು ಅಳೆದಾಗ ದಾರಿ ಮೇಲುಗಡೆ ನಾಲ್ಕು ಅಡಿ, ತಿರುವಿನಲ್ಲಿ ಮೂರೂ ಇರಲಿಲ್ಲ. ಪರರ ಜಮೀನಿನ ಮೇಲೆ ದಾರಿಯಂಥ ಹಕ್ಕುಗಳಿಗೆ (ಈಸ್‌ಮೆಂಟ್) ಸಂಬಂಧಿಸಿದ 1882ರ ಈಸ್‌ಮೆಂಟ್ಸ್ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯ ದಾರಿಯ ಹಕ್ಕು ಸೇರಿರುವುದಿಲ್ಲ. ನಾವು ಸೋತೆವು.

ಈಗ ರೋಮ್‌ಗೆ ಬನ್ನಿ. ಅಲ್ಲಿ ಪರರ ಜಮೀನಿನ ಮೇಲೆ ಹಾಯುವ ಹಕ್ಕು ಮೂರು ಬಗೆಯದು. ಬರಿಯ ಕಾಲ್ನಡಿಗೆಗೆ ಇಟೆರ್. ದನ ಅಥವಾ ಗಾಡಿ ಹೊಡೆದುಕೊಂಡು ಹೋಗಲು ಆಕ್ಟುಸ್. ಇವೆರಡನ್ನೂ ಒಳಗೊಂಡ ಪೂರ್ಣ ದಾರಿಗೆ ವಿಯಾ. ಕ್ರಿ.ಪೂ. 451-450ರ ಹನ್ನೆರಡು ಫಲಕಗಳ ಶಾಸನದ ಪ್ರಕಾರ ವಿಯಾ ನೇರವಿದ್ದಲ್ಲಿ 8 ಅಡಿ, ತಿರುವಿನಲ್ಲಿ 16 ಅಡಿ ಅಗಲವಿರಬೇಕು. ಜೋಡೆತ್ತಿನ ಗಾಡಿ ತಿರುಗಿಸಿದವರಿಗೆ ಈ ಇಮ್ಮಡಿ ಲೆಕ್ಕ ಏಕೆಂದು ಹೇಳಬೇಕಾಗಿಲ್ಲ. ಕ್ರಿ.ಶ. 3ನೇ ಶತಮಾನದ ನ್ಯಾಯಶಾಸ್ತ್ರಜ್ಞ ಉಲ್ಪಿಯನ್ ಪ್ರಕಾರ, ಇಟೆರ್ ಇದ್ದವನಿಗೆ ಆಕ್ಟುಸ್ ಇಲ್ಲ. ನನ್ನ ಕಕ್ಷಿದಾರರು ಸೋತದ್ದೂ ಇದೇ ಮಾತಿಗೆ. ಹಕ್ಕುಳ್ಳ ಜಮೀನನ್ನು ಒಡೆಯನಂತೆಯೂ ಹಾದುಹೋಗಲು ಬಿಡಬೇಕಾದ ಜಮೀನನ್ನು ಸೇವಕನಂತೆಯೂ ಕರೆಯುವ ನಮ್ಮ ಕಾಯ್ದೆಯ ಪರಿಭಾಷೆ ಸಹ ರೋಮನ್ನರದೇ.

ಅದು ಇಲ್ಲಿಗೆ ಬಂದ ದಾರಿ ಸುತ್ತುಬಳಸಿನದು. ಚಕ್ರವರ್ತಿ ಜಸ್ಟಿನಿಯನ್ ಕ್ರಿ.ಶ. 533ರಲ್ಲಿ ಹಳೆಯ ನ್ಯಾಯಶಾಸ್ತ್ರಜ್ಞರ ಬರಹಗಳನ್ನು 50 ಭಾಗಗಳ 'ಡೈಜೆಸ್ಟ್' ಆಗಿ ಕೂಡಿಸಿದ. ಪಶ್ಚಿಮದಲ್ಲಿ ಮರೆತೇಹೋಗಿದ್ದ ಅದನ್ನು 11ನೇ ಶತಮಾನದ ಕೊನೆಯ ಹೊತ್ತಿಗೆ ಇಟಲಿಯ ಬೊಲೊನ್ಯಾದಲ್ಲಿ ಮತ್ತೆ ಓದತೊಡಗಿದರು. ಅಲ್ಲಿಂದ ಅದು 1804ರ ಫ್ರೆಂಚ್ ಸಂಹಿತೆಗೂ 1900ರಲ್ಲಿ ಜಾರಿಗೆ ಬಂದ ಜರ್ಮನ್ ಸಂಹಿತೆಗೂ ಇಳಿಯಿತು. ಇಂಗ್ಲೆಂಡ್ ತನ್ನದು ಬೇರೆ ಪರಂಪರೆ ಎನ್ನುತ್ತಲೇ ಬೇಕಾದದ್ದನ್ನು ಎರವಲು ತಂದಿತು. ಈಸ್‌ಮೆಂಟ್ ಬಗ್ಗೆ 1839ರಲ್ಲಿ ಬರೆದ ಗೇಲ್ ಎಂಬ ವಕೀಲರು ರೋಮನ್ ಮತ್ತು ಫ್ರೆಂಚ್ ಕಾನೂನುಗಳಿಂದ ಧಾರಾಳವಾಗಿ ತೆಗೆದುಕೊಂಡರು. 1882ರ ಕಾಯ್ದೆ ಮೊದಲು ಜಾರಿಯಾದದ್ದು ಮದ್ರಾಸ್ ಪ್ರಾಂತ, ಮಧ್ಯ ಪ್ರಾಂತ ಮತ್ತು ಕೊಡಗಿನಲ್ಲಿ. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತು.

ಅಡವಿನ ಚಿನ್ನದ ಕಥೆಯೂ ಇಂಥದೇ. ಇನ್ನೊಬ್ಬರ ವಸ್ತು ಕೈಯಲ್ಲಿದ್ದಾಗ ಎಷ್ಟು ಜಾಗ್ರತೆ ವಹಿಸಬೇಕೆಂಬ ರೋಮನ್ ವಿಂಗಡಣೆಯನ್ನು ಮುಖ್ಯ ನ್ಯಾಯಾಧೀಶ ಹೋಲ್ಟ್ 1703ರ ಒಂದು ತೀರ್ಪಿನಲ್ಲಿ ಇಂಗ್ಲೆಂಡಿಗೆ ತಂದರು. ಮುಂದೆ ಕಲ್ಕತ್ತೆಯಲ್ಲಿ ನ್ಯಾಯಾಧೀಶರಾದ ವಿಲಿಯಂ ಜೋನ್ಸ್ 1781ರಲ್ಲಿ ಆ ಬಗ್ಗೆ ಪ್ರಬಂಧವನ್ನೇ ಬರೆದರು. 1872ರ ಕರಾರು ಕಾಯ್ದೆ ಮಾತ್ರ ರೋಮನ್ನರ ಹಲವು ಮೆಟ್ಟಿಲುಗಳನ್ನು ಒಂದಾಗಿಸಿ, ಸಾಮಾನ್ಯ ವಿವೇಕವುಳ್ಳವನು ತನ್ನ ವಸ್ತುವನ್ನು ಕಾಯುವಷ್ಟು ಜಾಗ್ರತೆ ಎಲ್ಲ ಕಡೆಯೂ ಬೇಕೆಂದಿತು. ಅದು ಒಳ್ಳೆಯ ಸರಳೀಕರಣವೆಂದೇ ನನ್ನ ಅಭಿಪ್ರಾಯ.

ಇನ್ನು ಹೊಳೆಯ ನೀರು. ಹಿಮಾಚಲ ಪ್ರದೇಶದ ಬಿಯಾಸ್ ನದಿಯ ದಡದ ಅರಣ್ಯಭೂಮಿಯನ್ನು ಪ್ರವಾಸಿ ವಸತಿಗೃಹವೊಂದಕ್ಕೆ ಗುತ್ತಿಗೆ ಕೊಟ್ಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಆ ಗುತ್ತಿಗೆಯನ್ನು ರದ್ದುಮಾಡಿತು. ಗಾಳಿ, ಹರಿಯುವ ನೀರು, ಸಮುದ್ರ, ಕಡಲತೀರ ಎಲ್ಲರಿಗೂ ಸೇರಿದವು, ಸರ್ಕಾರ ಅವುಗಳ ಧರ್ಮದರ್ಶಿ ಮಾತ್ರ ಎಂಬ ತತ್ತ್ವದ ಮೂಲವನ್ನು ನ್ಯಾಯಾಲಯ ರೋಮನ್ ಕಾನೂನಿನಲ್ಲೇ ಗುರುತಿಸಿತು. ಧರ್ಮದರ್ಶಿಯ ಪಾತ್ರ ಅಮೆರಿಕದ ಕೋರ್ಟುಗಳಲ್ಲಿ ಬೆಳೆದದ್ದು. 'ಎಲ್ಲರಿಗೂ ಸೇರಿದ್ದು' ಎಂಬ ಮೊದಲರ್ಧ ಜಸ್ಟಿನಿಯನ್‌ನ ಪಠ್ಯದಲ್ಲಿದೆ. ಅದೇ ಪಠ್ಯಗಳಲ್ಲಿ ಗುಲಾಮನನ್ನು ಎತ್ತಿನ ಸಾಲಿಗೆ ಸೇರಿಸಿದ ವಿಂಗಡಣೆಯೂ, ಅರಸನಿಗೆ ಇಷ್ಟವಾದದ್ದೇ ಕಾನೂನು ಎಂಬ ಮಾತೂ ಇವೆ. ಯುರೋಪಿನ ನಿರಂಕುಶ ಅರಸರು ಅದನ್ನೂ ಅಷ್ಟೇ ಶ್ರದ್ಧೆಯಿಂದ ಬಳಸಿಕೊಂಡರು.

ಇಂಗ್ಲೆಂಡಿನ ಸುತ್ತುದಾರಿಯಿಲ್ಲದೆ ಈ ಪರಂಪರೆಯನ್ನು ಕಾಣಬೇಕಿದ್ದರೆ ಕಾರವಾರದಾಚೆ ಮಾಜಾಳಿಯಲ್ಲಿ ಗೋವಾದ ಗಡಿ ದಾಟಿದರೆ ಸಾಕು. ಕಾರವಾರದಲ್ಲಿ ಹಿಂದೂ ತಂದೆ ತನ್ನ ಸ್ವಯಾರ್ಜಿತ ಆಸ್ತಿಯನ್ನೆಲ್ಲ ಯಾರ ಹೆಸರಿಗೆ ಬೇಕಾದರೂ ಉಯಿಲು ಬರೆಯಬಹುದು. 1867ರ ಪೋರ್ಚುಗೀಸ್ ಸಂಹಿತೆಯ ಪರಂಪರೆಯಿರುವ ಗೋವಾದಲ್ಲಿ ಮಕ್ಕಳಿರುವ ತಂದೆಗೆ ಅರ್ಧಾಂಶದ ಮೇಲೆ ಮಾತ್ರ ಆ ಸ್ವಾತಂತ್ರ್ಯ. ಉಳಿದರ್ಧವನ್ನು ಮಕ್ಕಳಿಂದ ತಪ್ಪಿಸಲಾಗದು. ರೋಮ್‌ನಲ್ಲಿ ಈ ಕಡ್ಡಾಯ ಪಾಲು ಮೊದಲು ಕಾಲು ಭಾಗವಿತ್ತು. ಜಸ್ಟಿನಿಯನ್ ಅದನ್ನು ಮೂರನೇ ಒಂದಕ್ಕೆ, ಮಕ್ಕಳು ನಾಲ್ವರಿಗಿಂತ ಹೆಚ್ಚಿದ್ದರೆ ಅರ್ಧಕ್ಕೆ ಏರಿಸಿದ. ಗೋವಾದ ಕಾಯಂ ನಿವಾಸಿಗಳು ಹೊರರಾಜ್ಯಗಳಲ್ಲಿ ಹೊಂದಿರುವ ಆಸ್ತಿಯ ಉತ್ತರಾಧಿಕಾರಕ್ಕೂ ಆ ಸಂಹಿತೆಯೇ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿರುವುದರಿಂದ, ಮಡಗಾಂವಿನ ಒಬ್ಬರು ಕಾರವಾರದಲ್ಲಿ ಕೊಂಡಿಟ್ಟ ಮನೆಯ ಲೆಕ್ಕವನ್ನೂ ಅದೇ ಪಾಲಿನಂತೆ ಮಾಡಬೇಕಾಗುತ್ತದೆ.